ಕಾಸರಗೋಡಿನ ಗಾಳಿಯಲ್ಲಿ ಸಿಗಾರ್ ಪರೀಕ್ಷೆ: ತಪ್ಪು ಸುತ್ತಿದವರದೋ, ಇಟ್ಟವರದೋ, ಸೇದಿದವರದೋ?

ಎರಡು ವರ್ಷದ ಹಿಂದಿನ ಮಾತು. ಜೂನ್ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಶಾರ್ಜಾದಿಂದ ರಜೆಯಲ್ಲಿ ಬಂದ ಭಾವ ಹತ್ತು ಸಿಗಾರ್‌ಗಳ ಮರದ ಪೆಟ್ಟಿಗೆಯೊಂದನ್ನು ತಂದು ಜಗಲಿಯ ಮೇಲಿಟ್ಟರು. ಬೆಲೆ ಹೇಳಲಿಲ್ಲ, ಹೇಳದಿದ್ದುದರಿಂದಲೇ ದುಬಾರಿಯದೆಂದು ತಿಳಿಯಿತು. ಬಂದವರಿಗೆಲ್ಲ ತೋರಿಸುತ್ತಾ ಪೆಟ್ಟಿಗೆ ಒಂದು ವಾರ ಬಾಯಿ ತೆರೆದೇ ಇತ್ತು. ಎಂಟನೆಯ ದಿನ ಸಂಜೆ ಇಬ್ಬರೂ ಒಂದೊಂದನ್ನು ಹಚ್ಚಿದೆವು. ಕೆನ್ನೆ ಗುಳಿಬೀಳುವಷ್ಟು ಎಳೆದರೂ ಬಾಯಿಗೆ ಬಂದದ್ದು ಬಚ್ಚಲೊಲೆಗೆ ಹಸಿ ಸೌದೆ ಇಟ್ಟಂಥ ಒಂದೆಳೆ ಹೊಗೆ. ಒಂದು ಬದಿ ಉರಿಯಿತು, ಇನ್ನೊಂದು ಬದಿ ಹಾಗೆಯೇ ನಿಂತಿತು. "ಮೋಸ ಹೋದೆ ಭಾವ, ಇದು ನಕಲಿ ಮಾಲು" ಎಂದು ಅವರು ಅರ್ಧಕ್ಕೇ ಅಂಗಳಕ್ಕೆಸೆದರು.

ಉಳಿದ ಎಂಟನ್ನು ನಾನು ಗಾಳಿಯಾಡದ ಡಬ್ಬದಲ್ಲಿ ಹಾಕಿ ಮರೆತುಬಿಟ್ಟೆ. ಆಟಿ ತಿಂಗಳು (ಆಗಸ್ಟ್ ನಡುವಿನವರೆಗಿನ ಮಳೆಗಾಲ) ಮುಗಿಯುವ ಹೊತ್ತಿಗೆ ಅದೇ ಪೆಟ್ಟಿಗೆಯ ಮೂರನೆಯ ಸಿಗಾರ್ ಒಂದು ಗಂಟೆ ಹೊತ್ತು ಗೆರೆ ಎಳೆದಂತೆ ಉರಿಯಿತು. ಸುತ್ತಿದ ಕೈ ಅದೇ, ಸೇದಿದ ಬಾಯಿಯೂ ಅದೇ. ಬದಲಾದದ್ದು ಎಲೆಯೊಳಗಿನ ನೀರು ಮಾತ್ರ.

ನನ್ನ ಕಸುಬು ಅಡಿಕೆ ವ್ಯಾಪಾರ. ಬದಿಯಡ್ಕದ ಅಂಗಡಿಯಲ್ಲಿ ಕುಳಿತು ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರ್ಪಡಿಸುವುದರಲ್ಲೇ ಕೂದಲು ಬಿಳಿಯಾಗಿದೆ. ಅಡಿಕೆಯಲ್ಲಿ ಕಂಡ ದೋಷ ತೋಟದಿಂದ ಬಂದದ್ದೋ, ಒಣಗಿಸಿದ ಅಂಗಳದಿಂದ ಬಂದದ್ದೋ, ಇಟ್ಟ ಅಟ್ಟದಿಂದ ಬಂದದ್ದೋ ಎಂದು ಹೇಳಲಾರದವನು ದರ ಕಟ್ಟಲಾರ. ಸಿಗಾರ್‌ಗೂ ಇದೇ ನ್ಯಾಯ. ಪ್ರತಿಯೊಂದು ದೋಷಕ್ಕೂ ಮೂವರು ಆರೋಪಿಗಳಿದ್ದಾರೆ: ಸುತ್ತಿದವರು, ಇಟ್ಟವರು, ಸೇದಿದವರು. ಈ ಮೂವರನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ನಾನು ಮಾಡುವ ಅನುಕ್ರಮದಲ್ಲಿಯೇ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಬೇಕು. ಸಿಗಾರ್ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎನ್ನುವವರ ಮಾತನ್ನು ನಂಬಬೇಡಿ. ಅದರ ಹೊಗೆ ಕ್ಷಾರೀಯ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಸಿಗಾರ್ ಕಾರಣವಾಗುತ್ತದೆ. ವೀಳ್ಯಕ್ಕೆ ಹೊಗೆಸೊಪ್ಪು ಸೇರಿಸಿ ಜಗಿಯುವ ನಮ್ಮ ಊರಿನವರಿಗೆ ಇದು ಮೇಲಿನಿಂದ ಇನ್ನೊಂದು ಹೊರೆ. ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂಬುದನ್ನು ಅಡಿಕೆ ಮಾರಿ ಬದುಕುವ ನಾನು ಮುಚ್ಚಿಡಲಾರೆ. ನಾನು ವರ್ಷಕ್ಕೆ ಆರೋ ಏಳೋ ಸೇದುತ್ತೇನೆ. ಸೇದದವರು ಇದನ್ನು ಓದಿ ಶುರುಮಾಡಬೇಕಾಗಿಲ್ಲ. ಕೇರಳದಲ್ಲಿ ಸಾರ್ವಜನಿಕ ಸ್ಥಳದ ಧೂಮಪಾನವನ್ನು ಹೈಕೋರ್ಟು 1999ರಲ್ಲಿಯೇ ತಡೆದಿದೆ. ಹಾಗಾಗಿ ಪರೀಕ್ಷೆಯೆಲ್ಲ ಸ್ವಂತ ಜಗಲಿಯಲ್ಲಿ, ಮಕ್ಕಳಿಲ್ಲದ ಹೊತ್ತಿನಲ್ಲಿ.

ಮೂರು ಪದರದ ಲೆಕ್ಕ

ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಕತ್ತರಿಸಿದ ಒಂದು ಎಲೆ, ಒಳಗೆ ಹೊಗೆಸೊಪ್ಪಿನ ಪುಡಿ, ಮೇಲೊಂದು ನೂಲು. ಬೀಡಿಯ ರಚನೆ ಅಷ್ಟೇ. ಕೈಯಲ್ಲಿ ಸುತ್ತಿದ ಸಿಗಾರ್‌ನಲ್ಲಿ ನೂಲಿಲ್ಲ, ಬೇರೆ ಎಲೆಯೂ ಇಲ್ಲ. ಒಳಗೂ ಹೊರಗೂ ಹೊಗೆಸೊಪ್ಪೇ. ಒಳಗಿನದು ತುಂಬು ಎಲೆ, ಅದನ್ನು ಬಿಗಿದಿಡುವುದು ಕಟ್ಟು ಎಲೆ, ಕಣ್ಣಿಗೆ ಕಾಣುವ ನಯವಾದದ್ದು ಹೊದಿಕೆ ಎಲೆ. ಒಳ್ಳೆಯ ಸಿಗಾರ್‌ನಲ್ಲಿ ತುಂಬು ಎಲೆಗಳು ತಲೆಯಿಂದ (ಬಾಯಿಗಿಡುವ ತುದಿ) ಬುಡದವರೆಗೆ (ಬೆಂಕಿ ಹಚ್ಚುವ ತುದಿ) ಉದ್ದಕ್ಕೆ ಇರುತ್ತವೆ. ಅಗ್ಗದ್ದರಲ್ಲಿ ಕತ್ತರಿಸಿದ ಚೂರುಗಳು.

ತುಂಬು ಎಲೆಗಳಲ್ಲಿಯೂ ಗಿಡದ ಎತ್ತರಕ್ಕೆ ತಕ್ಕಂತೆ ಜಾತಿಗಳಿವೆ. ಕ್ಯೂಬಾದವರು ಕೆಳಗಿನ ಎಲೆಯನ್ನು ವೊಲಾಡೊ ಎನ್ನುತ್ತಾರೆ, ಚೆನ್ನಾಗಿ ಉರಿಯುತ್ತದೆ. ನಡುವಿನದು ಸೆಕೊ, ಪರಿಮಳಕ್ಕೆ. ಬಿಸಿಲು ಕುಡಿದ ಮೇಲಿನ ಎಲೆ ಲಿಗೆರೊ: ದಪ್ಪ, ಖಾರ, ಉರಿಯುವುದು ನಿಧಾನ. ಲಿಗೆರೊವನ್ನು ಸರಿಯಾಗಿ ನಡುಮಧ್ಯದಲ್ಲಿ ಇಡಬೇಕು. ಅದು ಒಂದು ಬದಿಗೆ ಸರಿದರೆ ಆ ಬದಿ ಉರಿಯದೆ ಹಿಂದುಳಿಯುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉದ್ದವನ್ನು ಇಂಚಿನಲ್ಲಿ, ದಪ್ಪವನ್ನು ಇಂಚಿನ 64ನೆಯ ಒಂದು ಪಾಲಿನಲ್ಲಿ ಅಳೆಯುತ್ತಾರೆ. 50 ಎಂದರೆ 64ರಲ್ಲಿ 50, ಸುಮಾರು 20 ಮಿಲಿಮೀಟರ್ ವ್ಯಾಸ. ಪರೀಕ್ಷೆ ಕಲಿಯುವವರಿಗೆ ರೊಬುಸ್ಟೊ ಎಂಬ ಅಳತೆ ಒಳ್ಳೆಯದು: 5 ಇಂಚು ಉದ್ದ, 50ರ ದಪ್ಪ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಹೊತ್ತು. 7 ಇಂಚಿನ ಚರ್ಚಿಲ್ ಹಿಡಿದು ಕುಳಿತರೆ ತಾಳ್ಮೆಯೂ ನಾಲಿಗೆಯೂ ನಡುದಾರಿಯಲ್ಲಿ ಸೋಲುತ್ತವೆ.

ಮೊದಲ ಹೆಜ್ಜೆ: ಕಾಯುವುದು

ಕರಾವಳಿಯವರು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಸಿಗಾರ್ ಬಗ್ಗೆ ಹೊರದೇಶದವರು ಕೊಡುವ ಸಲಹೆಯಲ್ಲಿ ಬಹುಪಾಲು ಒಣಹವೆಯವರ ಸಲಹೆ. ಎಲೆ ಒಣಗದಂತೆ ನೀರು ಸೇರಿಸುವುದೇ ಅವರ ಚಿಂತೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾಸರಗೋಡಿನಲ್ಲಿ ಚಿಂತೆ ತಿರುಗಾಮುರುಗಾ. ಇಲ್ಲಿ ಗೋಡೆಯೇ ಬೆವರುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಷ್ಟು. ಸಿಗಾರ್‌ಗೆ ಬೇಕಾದ ತೇವಾಂಶ ಶೇಕಡ 65ರಿಂದ 70. ಮಳೆಗಾಲದ ನಮ್ಮ ಜಗಲಿಯಲ್ಲಿ ಶೇಕಡ 90 ದಾಟುವುದು ದಿನದ ಮಾತು. ನೀರು ಕುಡಿದ ಎಲೆ ಉಬ್ಬುತ್ತದೆ, ಎಲೆಗಳ ನಡುವಿನ ಗಾಳಿಯ ದಾರಿ ಮುಚ್ಚುತ್ತದೆ. ಭಾವ ನಕಲಿ ಎಂದು ಎಸೆದದ್ದು ಅಂಥ ಒಂದನ್ನು.

ಆದ್ದರಿಂದ ಚೆಂದದ ಮರದ ಪೆಟ್ಟಿಗೆಗೆ ದುಡ್ಡು ಸುರಿಯಬೇಡಿ. ಮರ ಹೊರಗಿನ ತೇವವನ್ನು ಒಳಗೆ ಬಿಡುತ್ತದೆ. ರಬ್ಬರ್ ಅಂಚಿನ, ಗಟ್ಟಿ ಮುಚ್ಚುವ ಪ್ಲಾಸ್ಟಿಕ್ ಡಬ್ಬ ಸಾಕು. ಅಡುಗೆಮನೆಯಲ್ಲಿ ಸಾರಿನ ಪುಡಿ ಇಟ್ಟಿದ್ದ ಡಬ್ಬ ಮಾತ್ರ ಬೇಡ. ಹೊಗೆಸೊಪ್ಪಿನಷ್ಟು ಬೇಗ ಪರವಾಸನೆ ಹಿಡಿಯುವ ವಸ್ತು ಇನ್ನೊಂದಿಲ್ಲ. ಡಬ್ಬದೊಳಗೆ ಶೇಕಡ 65ರ ತೇವಾಂಶದ ಪೊಟ್ಟಣ ಹಾಕಿ. ಇದು ಗಾಳಿ ಒಣಗಿದ್ದರೆ ನೀರು ಬಿಡುತ್ತದೆ, ಹೆಚ್ಚು ತೇವವಿದ್ದರೆ ಹೀರುತ್ತದೆ. ಜೊತೆಗೆ ತೇವಾಂಶ ತೋರಿಸುವ ಸಣ್ಣ ಮಾಪಕ ಒಂದು. ಅಗ್ಗದ ಮಾಪಕಗಳು ಸುಳ್ಳು ಹೇಳುವುದುಂಟು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಬಿಗಿಯಾದ ಡಬ್ಬದಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದು 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮಾಪಕ ಐದು ಹೆಚ್ಚು ಹೇಳುತ್ತದೆ ಎಂದು ಅದರ ಬೆನ್ನಿಗೇ ಬರೆದಿಡಿ.

ಪ್ರಯಾಣ ಮಾಡಿ ಬಂದ ಸಿಗಾರ್ ಕನಿಷ್ಠ ಮೂರು ವಾರ ಈ ಡಬ್ಬದಲ್ಲಿ ಕುಳಿತಿರಬೇಕು. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ವಿಮಾನ ಇಳಿದು ಬಂದವರ ಕೈಯಿಂದ ತೆಗೆದುಕೊಂಡು ಅಂದೇ ಹಚ್ಚಿ ತೀರ್ಪು ಕೊಡುವುದು ಒಣಗದ ಅಡಿಕೆಯನ್ನು ಸುಲಿದು ದರ ಕೇಳಿದ ಹಾಗೆ.

ಇನ್ನೊಂದು ಕಾಟ ಹುಳುವಿನದು. ಅರಿಶಿನ, ಕೊತ್ತಂಬರಿ ಡಬ್ಬಗಳಲ್ಲಿ ಕಾಣುವ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಂದು ಹುಳು ಇದೆಯಲ್ಲ, ಅದರ ನಿಜವಾದ ಮನೆ ಹೊಗೆಸೊಪ್ಪು. ಮೊಟ್ಟೆ ಎಲೆಯಲ್ಲಿಯೇ ಇರಬಹುದು. ತಂಪಾಗಿದ್ದಷ್ಟು ದಿನ ಸುಮ್ಮನಿದ್ದು, ಶಾಖ 25 ಡಿಗ್ರಿ ದಾಟಿದ ಕಡೆ ಮರಿ ಹೊರಬರುತ್ತದೆ. ನಮ್ಮಲ್ಲಿ ಆ ಶಾಖ ವರ್ಷವಿಡೀ ಇದೆ. ಹೊದಿಕೆ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ದುಂಡು ತೂತು, ಕೆಳಗೆ ಸಣ್ಣ ಪುಡಿ ಕಂಡರೆ ಅದೇ. ಬಂದ ಕೂಡಲೇ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಒಂದು ದಿನ ಫ್ರಿಜ್‌ನಲ್ಲಿ, ನಂತರ ಮೂರು ದಿನ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಟ್ಟು ಹೊರತೆಗೆಯಿರಿ. ಒಮ್ಮೆಲೇ ಮಾಡಿದರೆ ಹೊದಿಕೆ ಬಿರಿಯುತ್ತದೆ. ಮೀನಿನ ಪಕ್ಕ ಇಡಬಾರದು ಎಂದು ಹೇಳಬೇಕಾಗಿಲ್ಲ; ಆದರೂ ಹೇಳುತ್ತಿದ್ದೇನೆ, ಅನುಭವದಿಂದ.

ಮೇಲೆ ಬಿಳಿ ಪುಡಿ ಕಂಡರೆ? ಹಳೆಯ ಸೇದುಗರು ಅದನ್ನು ಎಲೆಯ ಎಣ್ಣೆ ಹರಳುಗಟ್ಟಿದ್ದು, ಒಳ್ಳೆಯ ಲಕ್ಷಣ ಎಂದು ಹೊಗಳುತ್ತಾರೆ. ಕಾಸರಗೋಡಿನಲ್ಲಿ ನೀವು ಕಂಡದ್ದು ಬೂಷ್ಟೇ ಎಂದು ಕಣ್ಣುಮುಚ್ಚಿ ನಂಬಿ. ಮೈಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆಯಾದರೆ ಒರೆಸಬಹುದು. ಬುಡದ ಕತ್ತರಿಸಿದ ತುದಿಯಲ್ಲಿ ಇದ್ದರೆ ಒಳಗೂ ಇಳಿದಿರುತ್ತದೆ, ಬಿಸಾಡಿ.

ಎರಡನೆಯ ಹೆಜ್ಜೆ: ಕಣ್ಣು, ಬೆರಳು, ಮೂಗು

ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟುಗಳನ್ನು ನೋಡುತ್ತಿದ್ದ ರೀತಿ ನನಗೆ ನೆನಪಿದೆ. ಕಣ್ಣು ಬೇರೆಲ್ಲೋ ಇರುತ್ತಿತ್ತು, ಕೆಲಸವೆಲ್ಲ ಹೆಬ್ಬೆರಳಿನದು. ಸಿಗಾರ್‌ಗೂ ಹೆಬ್ಬೆರಳು ಮತ್ತು ತೋರುಬೆರಳು ಸಾಕು. ತಲೆಯಿಂದ ಬುಡದವರೆಗೆ ಅರ್ಧ ಇಂಚಿಗೊಮ್ಮೆ ಮೆಲ್ಲನೆ ಒತ್ತಿ, ತಿರುಗಿಸಿ, ಮತ್ತೆ ಒತ್ತಿ. ಒತ್ತಿದಾಗ ತುಸು ತಗ್ಗಿ, ಬಿಟ್ಟಾಗ ಮೇಲೇಳಬೇಕು. ಒಂದೆಡೆ ಮೆತ್ತಗೆ ಕುಸಿದರೆ ಅಲ್ಲಿ ಎಲೆ ಕಡಿಮೆ. ಅಲ್ಲಿ ಉರಿ ಓಡುತ್ತದೆ, ಬಿಸಿಯಾಗುತ್ತದೆ. ಒಂದೆಡೆ ಕಲ್ಲಿನಂತಿದ್ದರೆ ಗಂಟು. ಎಳೆತ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಇವೆರಡೂ ಸುತ್ತಿದವರ ತಪ್ಪು, ಏಕೆಂದರೆ ಒಂದೇ ಜಾಗದಲ್ಲಿವೆ. ಇಡೀ ಸಿಗಾರ್ ಒದ್ದೆ ಬಟ್ಟೆಯಂತೆ ಮೆತ್ತಗಿದ್ದರೆ, ಅಥವಾ ಇಡೀ ಸಿಗಾರ್ ಒತ್ತಿದೊಡನೆ ಚಟಚಟ ಎಂದರೆ ಅದು ಇಟ್ಟವರ ತಪ್ಪು. ಒಂದು ಜಾಗದ್ದು ಕೈಯ ದೋಷ, ಇಡೀ ಮೈಯದು ಗಾಳಿಯ ದೋಷ. ಈ ಒಂದು ಸೂತ್ರದಿಂದ ಮುಕ್ಕಾಲು ಜಗಳ ತೀರುತ್ತದೆ.

ಪೆಟ್ಟಿಗೆ ಪೂರ್ತಿ ಇದ್ದರೆ ನಾನು ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಎಲ್ಲವನ್ನೂ ತೂಗುತ್ತೇನೆ. ಒಂದೇ ಪೆಟ್ಟಿಗೆಯಲ್ಲಿ ಉಳಿದವುಗಳಿಗಿಂತ ಎದ್ದುಕಾಣುವಷ್ಟು ಭಾರದ್ದು ಬಿಗಿಯಾಗಿ ಎಳೆಯುತ್ತದೆ. ಈ ಲೆಕ್ಕ ತಪ್ಪಿದ್ದು ಕಡಿಮೆ.

ಹೊದಿಕೆ ಎಲೆಯ ಬಣ್ಣದ ಬಗ್ಗೆ ಭ್ರಮೆ ಬೇಡ. ತಿಳಿಕಂದಿನದನ್ನು ಕ್ಲಾರೊ, ಕೆಂಪುಗಂದನ್ನು ಕೊಲೊರಾಡೊ, ಗಾಢ ಕಂದನ್ನು ಮದೂರೊ, ಕಪ್ಪಿಗೆ ಹತ್ತಿರದ್ದನ್ನು ಒಸ್ಕುರೊ ಎನ್ನುತ್ತಾರೆ. ಕಪ್ಪಾದಷ್ಟು ಖಾರ ಎಂದು ನಮ್ಮವರು ತಿಳಿಯುತ್ತಾರೆ, ಬೆಲ್ಲದ ಬಣ್ಣ ನೋಡಿ ರುಚಿ ಹೇಳುವ ಹಾಗೆ. ಮದೂರೊ ಎಲೆ ಹೆಚ್ಚು ಕಾಲ, ಹೆಚ್ಚು ಶಾಖದಲ್ಲಿ ಹುದುಗಿದ್ದು. ಅದು ಹಲವು ಬಾರಿ ಸಿಹಿಯ ಕಡೆಗೇ ವಾಲುತ್ತದೆ. ಖಾರ ಇರುವುದು ಒಳಗಿನ ಲಿಗೆರೊದಲ್ಲಿ. ನೋಡಬೇಕಾದದ್ದು ಬಣ್ಣವಲ್ಲ, ಹೊಂದಿಕೆ: ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇರುವವು ಒಂದೇ ಛಾಯೆಯಲ್ಲಿವೆಯೇ, ನರಗಳು ಸಣ್ಣವಾಗಿವೆಯೇ, ಸುತ್ತಿನ ಅಂಚು ಮೈಗೆ ಕೂತಿದೆಯೇ, ತೆಳು ಎಣ್ಣೆಯ ಹೊಳಪಿದೆಯೇ. ಕ್ಯಾಮರೂನಿನ ಎಲೆಗೆ ಮೊಡವೆಯಂಥ ಸಣ್ಣ ಗುಳ್ಳೆಗಳಿರುತ್ತವೆ. ಅದು ಹುಟ್ಟುಗುಣ, ದೋಷವಲ್ಲ.

ತಲೆಯ ಟೋಪಿಯನ್ನು ದಿಟ್ಟಿಸಿ ನೋಡಿ. ಕ್ಯೂಬಾದ ಕೈಸುತ್ತಿನಲ್ಲಿ ಅಲ್ಲಿ ಮೂರು ಸಣ್ಣ ಉಂಗುರದ ಗೆರೆ ಕಾಣುತ್ತದೆ, ಎಲೆಯ ತುಂಡುಗಳನ್ನು ಸಸ್ಯದ ಅಂಟಿನಿಂದ ಕೂರಿಸಿದ್ದು. ಗೆರೆ ಸಮವಾಗಿದ್ದರೆ ಸುತ್ತಿದವರಿಗೆ ಕೈ ಇದೆ ಎಂದರ್ಥ. ಬುಡದಲ್ಲಿ ಎಲೆಗಳು ಪುಸ್ತಕದ ಹಾಳೆಯಂತೆ ಮಡಿಚಿವೆಯೋ, ಒಂದೊಂದೂ ಕೊಳವೆಯಾಗಿ ಸುತ್ತಿವೆಯೋ ನೋಡಿ. ಕೊಳವೆಯಾಗಿ ಸುತ್ತುವುದು ಎಂತುಬಾದೊ ಎಂಬ ಕ್ರಮ. ಸಮಯ ಹೆಚ್ಚು ಬೇಕು. ಗಾಳಿ ಚೆನ್ನಾಗಿ ಹೋಗುತ್ತದೆ.

ಕೊನೆಗೆ ಮೂಗು. ಬುಡಕ್ಕೆ ಮೂಗಿಟ್ಟಾಗ ಬೈಹುಲ್ಲು, ಒಣ ಹಲಸಿನ ಮರ, ಹಟ್ಟಿಯ ಹಳೆಗೊಬ್ಬರದ ವಾಸನೆ ಬಂದರೆ ಮೂಗು ಮುರಿಯಬೇಡಿ, ಅದು ಸರಿಯಾದ ವಾಸನೆಯೇ. ಕಣ್ಣು ಉರಿಯುವ ಅಮೋನಿಯ ಬಂದರೆ ಎಲೆ ಇನ್ನೂ ಹುದುಗು ಮುಗಿಸಿಲ್ಲ. ಹೊಗೆಸೊಪ್ಪನ್ನು ರಾಶಿ ಹಾಕಿ, ಒಳಗಿನ ಶಾಖದಲ್ಲಿ ಬೇಯಲು ಬಿಟ್ಟು, ತಿರುವಿ ಮತ್ತೆ ರಾಶಿ ಹಾಕುತ್ತಾರೆ. ಅಡಿಕೆ ತೋಟದಲ್ಲಿ ಕೊಕ್ಕೋ ಬೆಳೆದು, ಬೀಜವನ್ನು ಗೋಣಿ ಮುಚ್ಚಿ ಹುದುಗಿಸಿದವರಿಗೆ ಆ ಬಿಸಿಯೂ ಘಾಟೂ ಗೊತ್ತು. ಅವಸರ ಮಾಡಿದ ಕೊಕ್ಕೋ ಕಹಿ, ಅವಸರ ಮಾಡಿದ ಎಲೆ ಅಮೋನಿಯ. ಅಂಥ ಸಿಗಾರ್ ಅನ್ನು ಬೈಯದೆ ಆರು ತಿಂಗಳು ಡಬ್ಬದಲ್ಲಿಡಿ.

ಮೂರನೆಯ ಹೆಜ್ಜೆ: ಕತ್ತರಿಸುವುದು, ಒಣ ಎಳೆತ, ಬೆಂಕಿ

ಟೋಪಿಯ ಅಂಚಿನ ಗೆರೆಗಿಂತ ಮೇಲೆ, ತುದಿಯಿಂದ ಒಂದೂವರೆ ಎರಡು ಮಿಲಿಮೀಟರ್ ಒಳಗೆ ಕತ್ತರಿಸಿ. ಗೆರೆ ದಾಟಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಸುತ್ತಿದವರನ್ನು ಬೈಯುವ ಹಕ್ಕು ನಿಮಗಿಲ್ಲ. ಎರಡು ಅಲಗಿನ ಕಟರ್ ಒಳ್ಳೆಯದು. ಹಲ್ಲಿನಲ್ಲಿ ಕಚ್ಚುವುದು ಸಿನಿಮಾದವರಿಗೆ ಬಿಡಿ. ಅಡಕತ್ತರಿಯಲ್ಲಿ ಆಗುವುದಿಲ್ಲವೇ ಎಂದು ಅಂಗಡಿಗೆ ಬಂದವರೊಬ್ಬರು ಕೇಳಿದ್ದರು. ಪ್ರಯತ್ನಿಸಿದೆ. ತಲೆ ಜಜ್ಜಿಹೋಯಿತು.

ಬೆಂಕಿ ಹಚ್ಚುವ ಮೊದಲು ಹಾಗೆಯೇ ಎರಡು ಮೂರು ಬಾರಿ ಎಳೆಯಿರಿ. ಎಳನೀರಿಗೆ ಹಾಕಿದ ಸ್ಟ್ರಾದಂತೆ ತೀರಾ ಸಲೀಸಾಗಿ ಬಂದರೆ ಸಡಿಲ. ಬೇಗ ಉರಿದು ಬಾಯಿ ಸುಡುತ್ತದೆ. ಗಂಜಿಯನ್ನು ಸ್ಟ್ರಾದಲ್ಲಿ ಎಳೆದಂತಾದರೆ ಬಿಗಿ. ಸ್ವಲ್ಪ ಒತ್ತಾಯ ಬೇಕು, ಕೆನ್ನೆಗೆ ಶ್ರಮ ಬೇಡ. ಬಿಗಿಯಾದರೆ ಇನ್ನೊಂದು ಮಿಲಿಮೀಟರ್ ಕತ್ತರಿಸಿ ನೋಡಿ. ಆಗಲೂ ಬಿಗಿಯೇ ಇದ್ದರೆ ಹಚ್ಚಬೇಡಿ, ಡಬ್ಬಕ್ಕೆ ಮರಳಿಸಿ. ಎರಡು ವಾರದ ನಂತರ ಸಡಿಲವಾದರೆ ಗಾಳಿಯ ತಪ್ಪು, ಆಗದಿದ್ದರೆ ಗಂಟು. ಈ ಒಣ ಎಳೆತದಲ್ಲಿ ನಾಲಿಗೆಗೆ ತಾಗಿದ ರುಚಿಯನ್ನೂ ಬರೆದಿಡಿ.

ಸಾಮಾನ್ಯ ಬೆಂಕಿಕಡ್ಡಿಯ ಗಂಧಕವೂ ಪೆಟ್ರೋಲ್ ಲೈಟರಿನ ವಾಸನೆಯೂ ಎಲೆಗೆ ಹಿಡಿಯುತ್ತದೆ. ಬ್ಯೂಟೇನ್ ಅನಿಲದ ಲೈಟರ್ ಇರಲಿ. ಇಲ್ಲವೆಂದರೆ ಉದ್ದನೆಯ ಬೆಂಕಿಕಡ್ಡಿಯ ತಲೆ ಪೂರ್ತಿ ಉರಿದು ಕಡ್ಡಿಗೆ ಬೆಂಕಿ ಇಳಿಯುವವರೆಗೆ ಕಾಯಿರಿ. ಜ್ವಾಲೆಯನ್ನು ಎಲೆಗೆ ತಾಗಿಸದೆ ಕೆಳಗೆ ಹಿಡಿದು, ಸಿಗಾರ್ ತಿರುಗಿಸುತ್ತಾ ಬುಡದ ಅಂಚು ಸುತ್ತಲೂ ಬೂದುಬಣ್ಣಕ್ಕೆ ಬರುವವರೆಗೆ ಸುಡಬೇಕು, ಕೆಂಡದ ಮೇಲೆ ಹಪ್ಪಳ ಸುಟ್ಟಂತೆ. ಆಮೇಲೆ ಬಾಯಿಗಿಟ್ಟು ಮೆಲ್ಲನೆ ಎಳೆಯಿರಿ. ತುದಿಯ ಮೇಲೆ ಊದಿ ನೋಡಿ: ಕೆಂಡ ಇಡೀ ವೃತ್ತದಲ್ಲಿ ಹೊಳೆಯಬೇಕು, ಎಲ್ಲಾದರೂ ಕಪ್ಪು ತುಂಡು ಉಳಿದಿದ್ದರೆ ಅಲ್ಲಿಗೆ ಇನ್ನೊಮ್ಮೆ ಬೆಂಕಿ. ಇಲ್ಲಿ ಸೋಮಾರಿತನ ಮಾಡಿದವರೇ ಮುಂದೆ ಉರಿ ಓರೆಯಾಯಿತು ಎಂದು ದೂರುತ್ತಾರೆ.

ನಾಲ್ಕನೆಯ ಹೆಜ್ಜೆ: ಉರಿಯನ್ನು ಓದುವುದು

ನಿಮಿಷಕ್ಕೊಮ್ಮೆ ಒಂದು ದಮ್ಮು, ಅದಕ್ಕಿಂತ ಬೇಗ ಬೇಡ. ಬೀಡಿ, ಸಿಗರೇಟು ಸೇದಿ ಅಭ್ಯಾಸವಾದವರಿಗೆ ಇದೇ ಕಷ್ಟ. ಬೇಗ ಎಳೆದರೆ ಕೆಂಡ ಕಾದು ಎಲೆಯ ಎಣ್ಣೆ ಸುಟ್ಟು ಕಹಿಯಾಗುತ್ತದೆ. ಕಹಿ ಬಂದಾಗ ಮೊದಲು ಅನುಮಾನಿಸಬೇಕಾದದ್ದು ನಿಮ್ಮನ್ನೇ. ಎರಡು ನಿಮಿಷ ಸುಮ್ಮನಿಟ್ಟು, ಬಾಯಿಂದ ಒಳಕ್ಕೆ ಮೆಲ್ಲನೆ ಊದಿ ಹಳೆಯ ಹೊಗೆ ಹೊರಹಾಕಿ, ಮತ್ತೆ ಎಳೆಯಿರಿ. ಕಹಿ ಹೋದರೆ ತಪ್ಪು ಯಾರದು ಎಂದು ಗೊತ್ತಾಯಿತಲ್ಲ.

ಉರಿಯ ಗೆರೆ ಕತ್ತಿಯ ಅಂಚಿನಂತೆ ನೇರ ಇರಬೇಕೆಂದಿಲ್ಲ. ಎರಡು ಮೂರು ಮಿಲಿಮೀಟರ್ ಅಂಕುಡೊಂಕು ಕೈಕೆಲಸದ ಸಹಜ ಗುಣ, ತಾನಾಗಿ ಸರಿಹೋಗುತ್ತದೆ. ಅರ್ಧ ಇಂಚಿಗಿಂತ ಹೆಚ್ಚು ಓರೆಯಾಗಿ ದೋಣಿಯಂತೆ ಕೊರೆದರೆ ಕಾರಣ ಹುಡುಕಬೇಕು. ಕಡಲಗಾಳಿಗೆ ಮುಖಮಾಡಿ ಕುಳಿತಿದ್ದಿರಾ? ಹಚ್ಚುವಾಗ ಒಂದು ಬದಿ ಬಿಟ್ಟಿರಾ? ಎರಡೂ ಅಲ್ಲವೆಂದಾದರೆ ಹಿಂದುಳಿದ ಬದಿಯನ್ನು ಕೆಳಕ್ಕೆ ತಿರುಗಿಸಿಟ್ಟು ಹತ್ತು ನಿಮಿಷ ನೋಡಿ. ಸರಿಹೋಗದೆ, ಲೈಟರಿನಲ್ಲಿ ಸರಿಪಡಿಸಿದ ಮೇಲೂ ಅದೇ ಬದಿ ಮತ್ತೆ ಮತ್ತೆ ಹಿಂದೆ ನಿಂತರೆ ನೆನಪಿಡಲು ಹೇಳಿದ ಆ ಲಿಗೆರೊ ಅಲ್ಲಿಗೆ ಸರಿದಿದೆ. ಸುತ್ತಿದವರ ಖಾತೆಗೆ ಬರೆಯಿರಿ.

ಒಳಗೆ ಸುರಂಗ ಕೊರೆದು ಹೊದಿಕೆ ಮಾತ್ರ ಉರಿಯದೆ ನಿಲ್ಲುವುದು ನಮ್ಮ ಊರಿನ ವಿಶೇಷ ರೋಗ. ಹೊರ ಎಲೆ ಗಾಳಿಯಿಂದ ನೀರು ಕುಡಿದಿರುತ್ತದೆ, ಒಳಗಿನದು ಒಣಗಿರುತ್ತದೆ. ಮೂರು ವಾರ ಕಾಯದೆ ಹಚ್ಚಿದವರಿಗೆ ಇದು ತಪ್ಪಿದ್ದಲ್ಲ. ತೀರಾ ನಿಧಾನವಾಗಿ ಎಳೆದರೂ ಆಗುತ್ತದೆ. ಹೊದಿಕೆ ಸಿಡಿದು ಉದ್ದಕ್ಕೆ ಬಿರಿದರೆ ಅದು ಇದರ ಎದುರು ದಿಕ್ಕಿನ ಕಥೆ: ಒಳಗೆ ನೀರು ಹೆಚ್ಚಾಗಿ ಉಬ್ಬಿದೆ, ಹೊರಗೆ ಒಣಗಿದೆ. ಮಳೆಗಾಲದ ಪೆಟ್ಟಿಗೆಯಿಂದ ತೆಗೆದು ನೇರವಾಗಿ ಎಸಿ ಕೋಣೆಗೆ ಒಯ್ದವರು ಹೀಗೆ ಕಳೆದುಕೊಳ್ಳುತ್ತಾರೆ.

ಬೂದಿಯ ಬಗ್ಗೆ ಮೂಢನಂಬಿಕೆಗಳೇ ಹೆಚ್ಚು. ಬಿಳಿ ಬೂದಿಯೇ ಉತ್ತಮ ಎನ್ನುತ್ತಾರೆ. ಬಣ್ಣವನ್ನು ನಿರ್ಧರಿಸುವುದು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದ ಖನಿಜಗಳು, ಸುತ್ತಿದವರ ಕೌಶಲವಲ್ಲ. ನೋಡಬೇಕಾದದ್ದು ಗಟ್ಟಿತನ. ಉದ್ದ ಎಲೆಯಿದ್ದರೆ ಬೂದಿ ಎರಡು ಮೂರು ಸೆಂಟಿಮೀಟರ್ ನಿಲ್ಲುತ್ತದೆ. ಚೂರು ತುಂಬಿದ್ದರೆ ಪುಡಿಪುಡಿಯಾಗಿ ಪಂಚೆಯ ಮೇಲೆ ಬೀಳುತ್ತದೆ. ಬೂದಿ ಬಿದ್ದ ಮೇಲೆ ಕೆಂಡದ ಆಕಾರ ನೋಡಿ. ನಡುವೆ ಸಣ್ಣ ದಿಬ್ಬದಂತಿದ್ದರೆ ಲಿಗೆರೊ ತನ್ನ ಜಾಗದಲ್ಲಿದೆ. ಉದ್ದನೆಯ ಮೊನೆಯಂತಿದ್ದರೆ ನೀವು ಅವಸರದಲ್ಲಿದ್ದೀರಿ.

ಐದನೆಯ ಹೆಜ್ಜೆ: ರುಚಿಗೆ ನಮ್ಮದೇ ಹೆಸರು

ವೀಳ್ಯ ಜಗಿದ ಬಾಯಿಯಲ್ಲಿ ರುಚಿ ನೋಡಲು ಹೊರಡಬೇಡಿ. ಸುಣ್ಣ ನಾಲಿಗೆಯನ್ನು ಕೊಂದಿರುತ್ತದೆ. ಬಂಗುಡೆ ಸಾರು ಉಂಡ ಮೇಲೂ ಎರಡು ಗಂಟೆ ಬಿಡಿ. ಖಾಲಿಹೊಟ್ಟೆಯಲ್ಲಂತೂ ಬೇಡವೇ ಬೇಡ, ತಲೆ ಸುತ್ತಿ ಬೆವರು ಬರುತ್ತದೆ. ಹಾಗಾದರೆ ಸಿಗಾರ್ ಕೆಳಗಿಟ್ಟು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಮಗ್ಗುಲಲ್ಲಿ ಸಕ್ಕರೆಯಿಲ್ಲದ ಕಟ್ಟಂಚಾಯ (ಹಾಲು ಹಾಕದ ಚಹಾ) ಇದ್ದರೆ ನಡುನಡುವೆ ಬಾಯಿ ತೊಳೆಯಲು ಒಳ್ಳೆಯದು.

ಹೊಗೆ ಬಾಯಿಯಲ್ಲಿ ಎರಡು ಕ್ಷಣ ನಿಂತು ಹೊರಹೋಗಲಿ. ಹತ್ತು ದಮ್ಮಿಗೊಮ್ಮೆ ಹೊಗೆಯನ್ನು ನುಂಗದೆ, ಅದರ ಸ್ವಲ್ಪ ಭಾಗವನ್ನು ಮೂಗಿನಿಂದ ಬಿಡಿ. ಖಾರ ಮತ್ತು ಪರಿಮಳ ಬೇರೆಬೇರೆಯಾಗಿ ತಿಳಿಯುವುದು ಆಗಲೇ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕಾರು. ಉಳಿದದ್ದೆಲ್ಲ ಮೂಗಿನ ಸಂಪತ್ತು.

ವಿದೇಶದ ಬರಹಗಳಲ್ಲಿ ಸಿಗಾರ್‌ಗೆ ಲೆದರ್, ಪ್ರೂನ್, ಗ್ರಹಾಂ ಕ್ರ್ಯಾಕರ್ ಎಂದು ರುಚಿ ಬರೆದಿರುತ್ತಾರೆ. ಗ್ರಹಾಂ ಕ್ರ್ಯಾಕರ್ ತಿಂದೇ ಗೊತ್ತಿಲ್ಲದ ನಾನು ಅದನ್ನು ಹೊಗೆಯಲ್ಲಿ ಹೇಗೆ ಹುಡುಕಲಿ? ನನ್ನ ಪುಸ್ತಕದಲ್ಲಿ ಇರುವುದು ಬೇರೆ ಪಟ್ಟಿ: ಹುರಿದ ಗೇರುಬೀಜ, ಗೇರುಸಿಪ್ಪೆ ಸುಟ್ಟ ಘಾಟು, ಕಾಳುಮೆಣಸು, ಓಲೆಬೆಲ್ಲ, ಒಣಗಿಸಿದ ಕೊಕ್ಕೋ ಬೀಜ, ಕಾಫಿಪುಡಿ, ಮೊದಲ ಮಳೆಯ ಮುರಕಲ್ಲು, ಹಳೆ ಪತ್ತಾಯದ (ಭತ್ತ ತುಂಬುವ ಪೆಟ್ಟಿಗೆಯ) ಮರ, ಚೆನ್ನಾಗಿ ಒಣಗಿದ ಚಾಲಿಯ ಒಗರು. ನಿಮ್ಮ ಅಡುಗೆಮನೆ, ತೋಟ, ಹಟ್ಟಿಗಳಿಂದ ಹೆಸರು ತೆಗೆಯಿರಿ. ಮುಂದಿನ ಬಾರಿ ಅದೇ ರುಚಿ ಬಂದಾಗ ನಿಮಗೆ ಗುರುತು ಸಿಕ್ಕರೆ ಹೆಸರು ಸರಿಯಾಗಿದೆ.

ರುಚಿ ಬೇರೆ, ಬಲ ಬೇರೆ, ಮೈದುಂಬಿದ ಭಾವ ಬೇರೆ. ಬಲ ಎಂದರೆ ನಿಕೋಟಿನ್, ಅದು ತಲೆಗೂ ಹೊಟ್ಟೆಗೂ ತಿಳಿಯುತ್ತದೆ. ಮೈ ಎಂದರೆ ಹೊಗೆ ಬಾಯಲ್ಲಿ ತೆಳುಮಜ್ಜಿಗೆಯಂತಿದೆಯೋ ಗಟ್ಟಿ ಮೊಸರಿನಂತಿದೆಯೋ ಎಂಬುದು. ಖಾರವಿಲ್ಲದೆಯೂ ರುಚಿ ತುಂಬಿರುವ ಸಿಗಾರ್ ಇದೆ. ತಲೆ ತಿರುಗಿಸಿಯೂ ಏನೂ ಹೇಳದ ಸಿಗಾರ್ ಇನ್ನೂ ಹೆಚ್ಚು.

ಸಿಗಾರ್ ಅನ್ನು ಉದ್ದಕ್ಕೆ ಮೂರು ಪಾಲು ಮಾಡಿ ಬರೆಯುವುದು ರೂಢಿ. ಮೊದಲ ಪಾಲು ಹುಲ್ಲು, ಎರಡನೆಯದು ದೈವಿಕ, ಮೂರನೆಯದು ಸಗಣಿ ಎಂದು ಫ್ರೆಂಚ್ ಮಾತಿನವರಲ್ಲಿ ಒಂದು ಹಾಸ್ಯವಿದೆ. ಒರಟಾದರೂ ನಿಜಕ್ಕೆ ಹತ್ತಿರ. ಆದ್ದರಿಂದ ಕೊನೆಯ ಪಾಲು ಕಹಿಯಾಯಿತು ಎಂದು ಅಂಕ ಕಡಿಯಬೇಡಿ. ನಡುವಿನ ಪಾಲಿನಲ್ಲಿ ಏನಾದರೂ ಬದಲಾಯಿತೇ, ಹೊಸದೊಂದು ರುಚಿ ಎದ್ದಿತೇ ಎಂಬುದೇ ನನ್ನ ಮುಖ್ಯ ಪ್ರಶ್ನೆ. ಮೊದಲ ದಮ್ಮಿನ ರುಚಿಯೇ ನಲವತ್ತು ನಿಮಿಷ ಎಳೆದುಕೊಂಡು ಬಂದರೆ ಎಷ್ಟೇ ಚೆನ್ನಾಗಿ ಉರಿದಿರಲಿ, ನನ್ನ ಮಟ್ಟಿಗೆ ಅದು ಸಾಧಾರಣ ಮಾಲು.

ಅಂಕ ಮತ್ತು ಖಾತೆ

ಅಮೆರಿಕದ ಪತ್ರಿಕೆಗಳು 100ಕ್ಕೆ ಅಂಕ ಕೊಡುತ್ತವೆ. ನನಗೆ ಅದು ಒಗ್ಗಲಿಲ್ಲ. 89ಕ್ಕೂ 90ಕ್ಕೂ ಇರುವ ವ್ಯತ್ಯಾಸ ನನ್ನ ನಾಲಿಗೆಗೆ ತಿಳಿಯದು. ನನ್ನ ಖಾತೆಯಲ್ಲಿ ಮೂರು ಕಂಬಸಾಲು, ಆರೋಪಿಗಳು ಮೂವರಲ್ಲವೇ. ಕಂಡ ದೋಷವನ್ನು ಅವರವರ ಸಾಲಿಗೆ ಬರೆಯುತ್ತೇನೆ. ಇಟ್ಟವರ, ಸೇದಿದವರ ಸಾ‌ಲು ಖಾಲಿ ಇದ್ದ ದಿನ ಮಾತ್ರ ಸಿಗಾರ್‌ನ ಮೇಲೆ ತೀರ್ಪು. ಒಂದೇ ಪೆಟ್ಟಿಗೆಯಿಂದ, ವಾರಗಳ ಅಂತರದಲ್ಲಿ, ಕಡಿಮೆಯೆಂದರೆ ಮೂರು ಸೇದದೆ ಮಾತನಾಡುವುದಿಲ್ಲ. ಸಾಧ್ಯವಾದರೆ ಮನೆಯವರಿಂದ ಕಾಗದದ ಉಂಗುರ ತೆಗೆಸಿ, ಯಾವ ಕಂಪೆನಿಯದೆಂದು ತಿಳಿಯದೆ ಸೇದಿ. ಉಂಗುರದ ಚಿನ್ನದ ಬಣ್ಣಕ್ಕೆ ನಾವು ಎಷ್ಟು ಅಂಕ ಕೊಡುತ್ತಿದ್ದೆವೆಂದು ಆಗ ನಾಚಿಕೆಯಾಗುತ್ತದೆ.

ಸಂದೇಹ ಉಳಿದರೆ ಶವಪರೀಕ್ಷೆ. ಅಡಿಕೆಯ ಒಳಗನ್ನು ಅಡಕತ್ತರಿ ಹೇಳುವಂತೆ ಸಿಗಾರ್‌ನ ಒಳಗನ್ನು ಬ್ಲೇಡು ಹೇಳುತ್ತದೆ. ಎಳೆಯದೆ ನಿಂತ ಸಿಗಾರ್ ಅನ್ನು ಆರಿಸಿ, ಉದ್ದಕ್ಕೆ ಸೀಳಿ, ಪತ್ರಿಕೆಯ ಮೇಲೆ ಪದರ ಪದರವಾಗಿ ಬಿಚ್ಚಿ. ದಪ್ಪ ನರ ಉಳಿದಿದೆಯೇ, ಎಲೆಗಳು ಹಗ್ಗದಂತೆ ತಿರುಚಿಕೊಂಡಿವೆಯೇ, ಲಿಗೆರೊ ಎಲ್ಲಿದೆ ಎಂದು ನೋಡಿ. ನಾನು ಹೀಗೆ ಬಿಚ್ಚುವಾಗ ಅಮ್ಮ ಪಕ್ಕದಲ್ಲಿ ಕುಳಿತು ಎಲೆ ತಿಕ್ಕಿ ನೋಡುತ್ತಾರೆ. ಹಿಂದೆ ಕಣ್ಣೂರು ಸೀಮೆಯ ಬೀಡಿ ಕಂಪೆನಿಗಳಲ್ಲಿ ಒಬ್ಬರು ಪತ್ರಿಕೆ ಓದಿ ಹೇಳುತ್ತಿದ್ದರು, ಅವರ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುತ್ತಿದ್ದರು. ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿಯೂ 1865ರಿಂದ ಇದೇ ಪದ್ಧತಿ ಎಂದಾಗ ಅಮ್ಮ, "ಹಾಗಾದರೆ ಈ ಗಂಟು ಬಿದ್ದದ್ದು ಒಳ್ಳೆಯ ಸುದ್ದಿ ಓದುತ್ತಿದ್ದಾಗ ಇರಬೇಕು" ಎಂದರು.

ಬಿಚ್ಚಿದ ಎಲೆಯನ್ನು ಕೋಳಿಯೋ ನಾಯಿಯೋ ಬಾಯಿ ಹಾಕುವಲ್ಲಿ ಎಸೆಯಬೇಡಿ, ಅದು ವಿಷ. ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಬಾರ್ ಸೋಪಿನ ಚೂರು ಕರಗಿಸಿ ಅಲಸಂಡೆ ಬಳ್ಳಿಯ ಹೇನಿಗೆ ಚಿಮುಕಿಸುವುದು ನಮ್ಮಲ್ಲಿ ಹಳೆಯ ರೂಢಿ. ಕೈಗವಸು ಹಾಕಿಕೊಳ್ಳಿ, ಕೊಯ್ಲಿಗೆ ಬಂದ ಕೋಡಿನ ಮೇಲೆ ಬೇಡ. ಮೆಣಸು, ಟೊಮೆಟೊ, ಬದನೆಯ ಹತ್ತಿರಕ್ಕೂ ಒಯ್ಯಬೇಡಿ. ಹೊಗೆಸೊಪ್ಪಿನ ನಂಜುರೋಗ ಆ ಕುಟುಂಬದ ಗಿಡಗಳಿಗೆ ಹತ್ತುತ್ತದೆ.